ಆಟವನ್ನು ಬಿಡದವರು

ಮಗುವಿಗೆ ಆಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕಾಲು ನೆಲದ ಮೇಲೆ ನೆಲೆಯಾಗಿ ನಿಲ್ಲುವ ಮೊದಲೇ ಅದು ಆಡತೊಡಗುತ್ತದೆ. ಬೀದಿಯಲ್ಲಿ ಲಗೋರಿ ಆಡುವ, ತೋಪಿನಲ್ಲಿ ಮರಕೋತಿ ಆಡುವ, ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆ ಬರೆಯುವ ಮಕ್ಕಳಿಗೆ ಯಾರೂ ಪಾರಿತೋಷಕ ಕೊಡುವುದಿಲ್ಲ. ಅವರ ಹೆಸರು ಪತ್ರಿಕೆಯಲ್ಲಿ ಅಚ್ಚಾಗುವುದೂ ಇಲ್ಲ. ಆದರೂ ದೀಪ ಹಚ್ಚುವ ಹೊತ್ತಾಗಿ, ಮನೆಯವರು ಎರಡು ಮೂರು ಸಲ ಕೂಗಿ ಕರೆದ ಮೇಲೆಯೇ ಅವರು ಒಳಗೆ ಬರುವುದು. ಹೀಗಿರುವಲ್ಲಿ, ಮಕ್ಕಳು ಏಕೆ ಆಡುತ್ತಾರೆ ಎಂಬುದು ದೊಡ್ಡ ಪ್ರಶ್ನೆಯಲ್ಲ. ಹೀಗೆ ಆಡುತ್ತಿದ್ದವರಲ್ಲಿ ಅನೇಕರು ಹದಿಮೂರು, ಹದಿನಾಲ್ಕರ ವಯಸ್ಸಿಗೆ ಆಟವನ್ನು ಏಕೆ ಬಿಡುತ್ತಾರೆ, ಕೆಲವರು ಮಾತ್ರ ಏಕೆ ಬಿಡುವುದಿಲ್ಲ ಎಂಬುದೇ ವಿಚಾರಮಾಡಬೇಕಾದ ಪ್ರಶ್ನೆ.

ಆಟವನ್ನು ಬಿಡುವುದು ಸದ್ದಿಲ್ಲದೆ ನಡೆಯುವ ಸಂಗತಿ. ಏಳನೆಯ ತರಗತಿಯಲ್ಲಿ ಹೋಬಳಿಯ ಕ್ರೀಡಾಕೂಟದಲ್ಲಿ ಓಡಿದ ಹುಡುಗಿ ಒಂಬತ್ತನೆಯ ತರಗತಿಗೆ ಬರುವ ವೇಳೆಗೆ ಮೈದಾನದ ಅಂಚಿನಲ್ಲಿ ನಿಂತು ನೋಡುವವಳಾಗಿರುತ್ತಾಳೆ. ಕಬಡ್ಡಿಯಲ್ಲಿ ತಂಡಕ್ಕೆ ಆಧಾರವಾಗಿದ್ದ ಹುಡುಗ ಸಂಜೆಯ ಮನೆಪಾಠದ ಕಡೆಗೆ ನಡೆಯುತ್ತಿರುತ್ತಾನೆ. ಬಿಡು ಎಂದು ಯಾರೂ ಆಜ್ಞೆ ಮಾಡಿರುವುದಿಲ್ಲ. ಬಿಟ್ಟೆನೆಂದು ಅವರೂ ಹೇಳಿರುವುದಿಲ್ಲ. ಒಂದು ದಿನ ಹೋಗಲಾಗಲಿಲ್ಲ, ಮರುದಿನ ಹೋಗಲು ಮನಸ್ಸಾಗಲಿಲ್ಲ, ಹಾಗೆಯೇ ಬಿಟ್ಟುಹೋಯಿತು. ಇಂಥ ಸಣ್ಣ ಸಣ್ಣ ತಡೆಗಳನ್ನು ದಾಟಿ ಆಟದಲ್ಲಿ ಉಳಿಯುವವರಿಗೆ ಆಧಾರವಾಗಿ ನಿಲ್ಲುವ ಶಕ್ತಿ ಯಾವುದು?

ಈ ಪ್ರಶ್ನೆಗೆ ರೂಢಿಯಲ್ಲಿರುವ ಉತ್ತರವೊಂದುಂಟು. ಪದಕ, ಕೀರ್ತಿ, ಹಣ, ಉದ್ಯೋಗ ಇವುಗಳ ಆಸೆಯೇ ಆಟಗಾರನನ್ನು ಹಿಡಿದಿಡುತ್ತದೆ; ಬಹುಮಾನಗಳನ್ನು ಹೆಚ್ಚಿಸಿದರೆ ಆಟಗಾರರೂ ಹೆಚ್ಚುತ್ತಾರೆ ಎಂದು ಹಲವರು ನಂಬಿದ್ದಾರೆ. ಈ ಮಾತನ್ನು ಸಾರಾಸಗಟಾಗಿ ತಳ್ಳಿಹಾಕುವುದು ನ್ಯಾಯವಲ್ಲ. ರೈಲ್ವೆಯಲ್ಲಿ, ಪೊಲೀಸ್ ಇಲಾಖೆಯಲ್ಲಿ, ಸೇನೆಯಲ್ಲಿ ಕ್ರೀಡಾಪಟುವಾಗಿ ಸೇರಿ ಬಡಮನೆಯೊಂದನ್ನು ಎತ್ತಿ ನಿಲ್ಲಿಸಿದವರು ನಮ್ಮ ದೇಶದಲ್ಲಿ ಎಷ್ಟೋ ಮಂದಿ. ಹೊಟ್ಟೆಯ ಚಿಂತೆಯಿರುವ ಮನೆಯಲ್ಲಿ ಉದ್ಯೋಗದ ಆಸೆಯನ್ನು ಅಲ್ಪವೆಂದು ಹೀಗಳೆಯಲು ಯಾರಿಗೂ ಅಧಿಕಾರವಿಲ್ಲ. ಆದರೆ ಬಹುಮಾನವೊಂದೇ ಕಾರಣವಾಗಿದ್ದರೆ ಲೆಕ್ಕ ಸರಿಹೊಂದುವುದಿಲ್ಲ. ಎಂಟು ಮಂದಿ ಓಡುವ ಓಟದಲ್ಲಿ ಪದಕ ದೊರೆಯುವುದು ಮೂವರಿಗೆ. ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಯಲ್ಲಿ ಸೋಲುತ್ತಾರೆ. ಜಿಲ್ಲೆಯಲ್ಲಿ ಗೆದ್ದವರು ರಾಜ್ಯದಲ್ಲಿ ಸೋಲುತ್ತಾರೆ. ಪದಕಕ್ಕಾಗಿಯೇ ಆಡುವುದಾದರೆ ಇವರಲ್ಲಿ ಹೆಚ್ಚಿನವರು ಮೊದಲ ವರ್ಷವೇ ಮೈದಾನಕ್ಕೆ ಬೆನ್ನು ತಿರುಗಿಸಬೇಕಾಗಿತ್ತು. ಹಾಗಾಗದೆ, ಸೋತವರಲ್ಲಿಯೂ ಕೆಲವರು ಮರುದಿನ ಬೆಳಗಿನ ಜಾವ ಎದ್ದು ಓಡಲು ಬರುತ್ತಾರೆ. ಅವರನ್ನು ಎಬ್ಬಿಸಿದ್ದು ಪದಕವಲ್ಲ.

ಬಹುಮಾನದ ಆಸೆ ಕೆಲವೊಮ್ಮೆ ಆಟದ ಆಸೆಯನ್ನೇ ತಿಂದುಹಾಕುವುದೂ ಉಂಟು. ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಚಿತ್ರ ಬರೆಯುವುದರಲ್ಲಿ ತಾವಾಗಿಯೇ ಆಸಕ್ತಿ ಹೊಂದಿದ್ದ ಶಿಶುವಿಹಾರದ ಮಕ್ಕಳನ್ನು ಅವರು ಮೂರು ಗುಂಪು ಮಾಡಿದರು. ಚಿತ್ರ ಬರೆದರೆ ಚಿನ್ನದ ಬಣ್ಣದ ನಕ್ಷತ್ರವೂ ರಿಬ್ಬನ್ನೂ ಇರುವ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲನೆಯ ಗುಂಪಿಗೆ ಮೊದಲೇ ತಿಳಿಸಿದರು. ಎರಡನೆಯ ಗುಂಪಿಗೆ ಏನನ್ನೂ ಹೇಳದೆ, ಬರೆದು ಮುಗಿಸಿದ ಬಳಿಕ ಅಂಥದೇ ಪತ್ರವನ್ನು ಕೊಟ್ಟರು. ಮೂರನೆಯ ಗುಂಪಿಗೆ ಬಹುಮಾನದ ಮಾತೇ ಇರಲಿಲ್ಲ. ಒಂದೆರಡು ವಾರಗಳ ಅನಂತರ ಗಮನಿಸಿದಾಗ, ಬಹುಮಾನದ ಆಸೆಯಿಂದ ಬರೆದ ಮಕ್ಕಳು ಬಿಡುವಿನ ವೇಳೆಯಲ್ಲಿ ಚಿತ್ರ ಬರೆಯುತ್ತಿದ್ದುದು ಉಳಿದವರ ಅರ್ಧದಷ್ಟು ಮಾತ್ರ. ಆಟವಾಗಿದ್ದುದು ಅವರ ಪಾಲಿಗೆ ಕೂಲಿಯಾಗಿ ಮಾರ್ಪಟ್ಟಿತ್ತು. ಕೂಲಿ ನಿಂತೊಡನೆ ಕೆಲಸವೂ ನಿಂತಿತು. ಎಣಿಸದೆ ಬಂದ ಬಹುಮಾನವನ್ನು ಪಡೆದ ಮಕ್ಕಳಲ್ಲಾದರೋ ಆಸಕ್ತಿ ಕುಗ್ಗಿರಲಿಲ್ಲ. ಬಹುಮಾನವು ಕೆಟ್ಟದ್ದಲ್ಲ, ಬಹುಮಾನಕ್ಕಾಗಿಯೇ ಆಡುವುದು ಕೆಟ್ಟದ್ದು ಎಂಬುದೇ ಇದರ ಪಾಠ.

ಬಹುಮಾನವಲ್ಲವಾದರೆ ಮತ್ತೇನು? ಬೆಂಗಳೂರಿನ ಮಲ್ಲೇಶ್ವರದ ಕಡೆಗೆ ಒಮ್ಮೆ ಕಣ್ಣು ಹಾಯಿಸಬಹುದು. 1960ರ ದಶಕದಲ್ಲಿ ಅಲ್ಲಿನ ಕೆನರಾ ಯೂನಿಯನ್ನಿನ ಸಭಾಭವನದಲ್ಲಿ ಮದುವೆಗಳು ನಡೆಯುತ್ತಿದ್ದವು. ಮದುವೆಯಿಲ್ಲದ ದಿನ ಅದೇ ಬ್ಯಾಡ್ಮಿಂಟನ್ ಅಂಕಣ. ಹತ್ತಿರದಲ್ಲಿಯೇ ಮನೆಯಿದ್ದ ಬಾಲಕನೊಬ್ಬನು ಈ ದಿನ ಅಲ್ಲಿ ಸಮಾರಂಭವಿದೆಯೇ ಇಲ್ಲವೇ ಎಂದು ದಿನವೂ ಕಾದು ನೋಡುತ್ತಿದ್ದ. ಇಲ್ಲವೆಂದು ತಿಳಿದರೆ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡುತ್ತಿದ್ದ. ಆತನೇ ಪ್ರಕಾಶ್ ಪಡುಕೋಣೆ. 1962ರಲ್ಲಿ, ಏಳನೆಯ ವಯಸ್ಸಿನಲ್ಲಿ, ರಾಜ್ಯದ ಕಿರಿಯರ ಪಂದ್ಯಾವಳಿಯಲ್ಲಿ ಮೊದಲ ಸಲ ಆಡಿದಾಗ ಆತ ಮೊದಲ ಸುತ್ತಿನಲ್ಲಿಯೇ ಸೋತನು. ಎರಡು ವರ್ಷಗಳ ಬಳಿಕ ಅದೇ ಪ್ರಶಸ್ತಿಯನ್ನು ಗೆದ್ದನು. ಮುಂದೆ 1980ರಲ್ಲಿ ಇಂಡೋನೇಷ್ಯದ ಲಿಯೆಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ, ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದ ಮೊದಲ ಭಾರತೀಯರೆನಿಸಿದರು. ಅವರು ಆಡಲು ತೊಡಗಿದ ಕಾಲದಲ್ಲಿ ಬ್ಯಾಡ್ಮಿಂಟನ್ನಿನಿಂದ ಹಣ ದೊರೆಯುವ ಮಾತಿರಲಿಲ್ಲ; ಒಳ್ಳೆಯ ಅಂಕಣವೂ ಇರಲಿಲ್ಲ. ಇದ್ದುದು ಆಡಬೇಕೆಂಬ ಹಂಬಲ, ಕಲಿಸುವ ತಂದೆ, ಜೊತೆಗೆ ಆಡುವ ಗೆಳೆಯರು.

ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರು ಬಹುಕಾಲದ ಅಧ್ಯಯನದಿಂದ ಕಂಡುಕೊಂಡ ತತ್ತ್ವವೂ ಇದಕ್ಕೆ ಹೊಂದುತ್ತದೆ. ಮನುಷ್ಯನು ಒಂದು ಕೆಲಸದಲ್ಲಿ ತಾನಾಗಿಯೇ ನಿಲ್ಲಬೇಕಾದರೆ ಅವನ ಮೂರು ಹಸಿವುಗಳು ಅದರಲ್ಲಿ ತಣಿಯಬೇಕು ಎಂದು ಅವರು ಹೇಳುತ್ತಾರೆ. ಇದು ತನ್ನ ಸ್ವಂತ ಇಚ್ಛೆಯೆಂಬ ಭಾವನೆ ಮೊದಲನೆಯದು. ತಾನು ಬೆಳೆಯುತ್ತಿದ್ದೇನೆ, ತನ್ನಿಂದ ಆಗುತ್ತದೆ ಎಂಬ ಅರಿವು ಎರಡನೆಯದು. ತನ್ನವರೆನ್ನುವ ಜನರ ನಡುವೆ ಇದ್ದೇನೆ ಎಂಬ ನೆಮ್ಮದಿ ಮೂರನೆಯದು. ಎಳೆಯ ಆಟಗಾರರ ಬಾಳನ್ನು ನೋಡಿದರೆ ಈ ಮೂರರ ಬೆಲೆ ಸ್ಪಷ್ಟವಾಗುತ್ತದೆ.

ಮೊದಲನೆಯದು ಸ್ವಂತ ಇಚ್ಛೆ. ಬಲವಂತದ ಮಾಘಸ್ನಾನದಿಂದ ಪುಣ್ಯ ಬಾರದೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು. ಆದರೆ ಬಲವಂತದಿಂದಲೂ ವೀರರು ಹುಟ್ಟಿಲ್ಲವೇ ಎಂದು ಕೇಳುವವರುಂಟು. ಹುಟ್ಟಿದ್ದಾರೆ, ಅವರ ಕತೆಯನ್ನು ಪೂರ್ತಿಯಾಗಿ ಕೇಳಬೇಕು. ಅಮೆರಿಕದ ಟೆನಿಸ್ ಆಟಗಾರ ಆಂಡ್ರೆ ಅಗಾಸಿಗೆ ಏಳು ವರ್ಷವಾಗಿದ್ದಾಗ, ಚೆಂಡು ಉಗುಳುವ ಯಂತ್ರವೊಂದನ್ನು ಎದುರಿಗಿಟ್ಟು, ದಿನಕ್ಕೆ 2,500 ಚೆಂಡುಗಳನ್ನು ಹೊಡೆಯಬೇಕೆಂದು ಆತನ ತಂದೆ ಕಟ್ಟು ಮಾಡಿದ್ದರು. ಅಗಾಸಿ 1992ರಲ್ಲಿ ವಿಂಬಲ್ಡನ್ ಗೆದ್ದರು. 1995ರಲ್ಲಿ ಜಗತ್ತಿನ ಮೊದಲನೆಯ ಸ್ಥಾನಕ್ಕೇರಿದರು. ಆದರೂ ಟೆನಿಸ್ಸನ್ನು ತಾವು ಒಳಗೊಳಗೇ ದ್ವೇಷಿಸುತ್ತಿದ್ದುದಾಗಿ 2009ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಆ ದ್ವೇಷದ ಫಲವೋ ಎಂಬಂತೆ 1997ರ ಕೊನೆಯ ವೇಳೆಗೆ ಅವರ ಸ್ಥಾನ 141ಕ್ಕೆ ಕುಸಿದಿತ್ತು. ಆಗ ಆಟವನ್ನು ಬಿಡುವ ಸ್ವಾತಂತ್ರ್ಯ ಅವರಿಗಿತ್ತು. ಬಿಡು ಎಂದರೂ ಆಡು ಎಂದರೂ ಅದು ಅವರದೇ ತೀರ್ಮಾನವಾಗುತ್ತಿತ್ತು. ಆಡುವುದೆಂದು ನಿಶ್ಚಯಿಸಿ, ಹೆಸರಿಲ್ಲದ ಆಟಗಾರರು ಆಡುವ ಸಣ್ಣ ಪಂದ್ಯಾವಳಿಗಳಿಂದ ಮತ್ತೆ ಮೊದಲುಮಾಡಿದರು. 1999ರಲ್ಲಿ ಫ್ರೆಂಚ್ ಪ್ರಶಸ್ತಿಯನ್ನು ಗೆದ್ದು ನಾಲ್ಕೂ ಮಹಾಪ್ರಶಸ್ತಿಗಳನ್ನು ಪೂರ್ಣಗೊಳಿಸಿದರು. ಬಾಲ್ಯದಲ್ಲಿ ಆಟವನ್ನು ಆರಿಸಿದ್ದು ತಂದೆ. ಇಪ್ಪತ್ತೇಳರ ವಯಸ್ಸಿನಲ್ಲಿ ಅದನ್ನು ಆರಿಸಿಕೊಂಡದ್ದು ಮಗ.

ಹರಿಯಾಣದ ನೀರಜ್ ಚೋಪ್ರಾ ಅವರ ವಿಷಯದಲ್ಲಿ ಮನೆಯವರ ಇಚ್ಛೆಯೂ ಹುಡುಗನ ಇಚ್ಛೆಯೂ ಬೇರೆ ರೀತಿಯಲ್ಲಿ ಕೂಡಿಕೊಂಡವು. ಪಾಣಿಪತ್ ಜಿಲ್ಲೆಯ ಖಂಡ್ರಾ ಗ್ರಾಮದ ಈ ರೈತರ ಮನೆಯ ಹುಡುಗ ತುಂಬ ದಪ್ಪನಾಗಿದ್ದ; ಜೊತೆಯವರು ಅವನನ್ನು ಗೇಲಿ ಮಾಡುತ್ತಿದ್ದರು. ಮೈ ಕರಗಲಿ ಎಂದು ಮನೆಯವರು ಅವನನ್ನು ಪಾಣಿಪತ್ತಿಗೆ ವ್ಯಾಯಾಮಕ್ಕೆ ಕಳುಹಿಸಿದರು. ಅಲ್ಲಿನ ಕ್ರೀಡಾಂಗಣದಲ್ಲಿ ಹಿರಿಯ ಹುಡುಗರು ಈಟಿ ಎಸೆಯುವುದನ್ನು ಕಂಡು ಅವನ ಮನಸ್ಸು ಅಲ್ಲಿಯೇ ನೆಟ್ಟಿತು. ಮನೆಯವರು ದಾರಿ ತೋರಿಸಿದರು. ಈಟಿಯನ್ನು ಹಿಡಿದದ್ದು ಹುಡುಗನೇ. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಅವರು 87.58 ಮೀಟರ್ ದೂರ ಎಸೆದು ಚಿನ್ನದ ಪದಕ ಗಳಿಸಿದ್ದನ್ನು ದೇಶವೇ ಕಂಡಿತು. ಮನೆಯವರು ಹುಡುಗನನ್ನು ಮೈದಾನದವರೆಗೆ ಕರೆತರಬಹುದು. ಅಲ್ಲಿಂದ ಮುಂದೆ ಆರಿಸುವ ಅವಕಾಶವನ್ನು ಅವನಿಗೇ ಬಿಡುವುದು ಲೇಸು.

ಎರಡನೆಯದು ಬೆಳೆಯುತ್ತಿದ್ದೇನೆಂಬ ಅರಿವು. ಇತರರೊಡನೆ ಹೋಲಿಸಿಕೊಂಡಾಗ ಗೆಲುವು ಒಬ್ಬನದು; ನಿನ್ನೆಯ ತನ್ನೊಡನೆ ಹೋಲಿಸಿಕೊಂಡಾಗ ಗೆಲುವು ಎಲ್ಲರಿಗೂ ಸಾಧ್ಯ. ಉದ್ದ ಜಿಗಿತದ ಮರಳಿನ ಮೇಲೆ ಹಿಡಿಯುವ ಅಳತೆಯ ಪಟ್ಟಿ ಸುಳ್ಳು ಹೇಳುವುದಿಲ್ಲ. ಕಳೆದ ತಿಂಗಳಿಗಿಂತ ನಾಲ್ಕು ಬೆರಳು ಮುಂದೆ ಹಾರಿದ ಹುಡುಗಿ ಐದನೆಯವಳಾಗಿ ಬಂದರೂ ಆ ನಾಲ್ಕು ಬೆರಳು ಅವಳ ಸಂಪಾದನೆ. ಆ ಸಂಪಾದನೆಯನ್ನು ಗುರುತಿಸಿ ಹೇಳುವ ಶಿಕ್ಷಕರು ಇದ್ದರೆ ಅವಳು ಮರುದಿನ ತಪ್ಪದೆ ಬರುತ್ತಾಳೆ. ಐದನೆಯ ಸ್ಥಾನವೇ ಎಂದು ಮೂಗು ಮುರಿಯುವವರು ಮಾತ್ರ ಇದ್ದರೆ ಅವಳು ಬಾರದೆ ಇರುವುದೇ ಸಹಜ. ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು, ಆಟ ಹಿತವೆನಿಸುವುದು ಯಾವುದರಿಂದ ಎಂದು ಎಳೆಯ ಫುಟ್‌ಬಾಲ್ ಆಟಗಾರರನ್ನು ಕೇಳಿ 81 ಕಾರಣಗಳನ್ನು ಪಟ್ಟಿಮಾಡಿದರು. ಅವುಗಳಲ್ಲಿ ಮುಂದಿನ ಸಾಲಿನಲ್ಲಿ ನಿಂತವು ಮನಸ್ಸಿಟ್ಟು ಶ್ರಮಿಸುವುದು, ತಂಡದಲ್ಲಿನ ಸೌಹಾರ್ದ, ತರಬೇತುದಾರರ ಒಳ್ಳೆಯ ನಡತೆ. ಗೆಲುವು ಬಹಳ ಹಿಂದೆ ಉಳಿದಿತ್ತು. ದೊಡ್ಡವರು ಮಕ್ಕಳಿಗೆ ಬೇಕೆಂದು ಊಹಿಸುವುದೂ ಮಕ್ಕಳಿಗೆ ನಿಜವಾಗಿ ಬೇಕಾದುದೂ ಒಂದೇ ಅಲ್ಲವೆಂಬುದಕ್ಕೆ ಇದು ಸಾಕ್ಷಿ.

ಮೂರನೆಯದು ಒಡನಾಟ. ಶಾಂತಾ ರಂಗಸ್ವಾಮಿಯವರು ಬೆಂಗಳೂರಿನಲ್ಲಿ ಕೂಡುಕುಟುಂಬದ ಮನೆಯ ಅಂಗಳದಲ್ಲಿ ಒಡಹುಟ್ಟಿದವರೊಡನೆ, ದಾಯಾದಿ ಮಕ್ಕಳೊಡನೆ ಚೆಂಡು ದಾಂಡು ಆಡಿ ಬೆಳೆದವರು. 1976ರಲ್ಲಿ ಭಾರತದ ಮಹಿಳೆಯರು ಮೊತ್ತಮೊದಲ ಟೆಸ್ಟ್ ಪಂದ್ಯವನ್ನು ಬೆಂಗಳೂರಿನಲ್ಲಿಯೇ ವೆಸ್ಟ್ ಇಂಡೀಸ್ ವಿರುದ್ಧ ಆಡಿದಾಗ ತಂಡದ ನಾಯಕಿ ಅವರೇ. ಅದೇ ಸರಣಿಯಲ್ಲಿ, ಪಟ್ನಾದಲ್ಲಿ, ಭಾರತಕ್ಕೆ ಮೊದಲ ಜಯವೂ ದೊರೆಯಿತು. ಆ ಕಾಲದ ಆಟಗಾರ್ತಿಯರಿಗೆ ಸಂಭಾವನೆಯೆಂಬುದು ಇಲ್ಲವೆನ್ನುವಷ್ಟು ಅಲ್ಪವಾಗಿತ್ತು. ಸ್ಥಳ ಕಾದಿರಿಸದ ರೈಲು ಡಬ್ಬಿಗಳಲ್ಲಿ ಆಟದ ಸಾಮಾನಿನ ಚೀಲವನ್ನು ಬೆನ್ನಿಗೇರಿಸಿಕೊಂಡು ಪ್ರಯಾಣ ಮಾಡುತ್ತಿದ್ದರು. ತಂಗುತ್ತಿದ್ದುದು ಎಲ್ಲರೂ ಸಾಲಾಗಿ ಮಲಗುವ ಕೊಠಡಿಗಳಲ್ಲಿ. ಮಹಿಳಾ ಕ್ರಿಕೆಟ್ಟು ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಆಶ್ರಯಕ್ಕೆ ಬಂದದ್ದು 2006ರಷ್ಟು ತಡವಾಗಿ. ಹಣವೂ ಇಲ್ಲದ, ಹೆಸರೂ ಇಲ್ಲದ ಆ ದೀರ್ಘಕಾಲದಲ್ಲಿ ಆ ಹೆಣ್ಣುಮಕ್ಕಳು ಆಟವನ್ನು ಬಿಡಲಿಲ್ಲ. ಆಟದ ಪ್ರೀತಿಯೂ ಒಬ್ಬರಿಗೊಬ್ಬರ ಆಸರೆಯೂ ಅವರನ್ನು ಕಾಪಾಡಿದವು.

ಒಡನಾಟದ ಬಲಕ್ಕೆ ಕೊಡಗು ಮತ್ತೊಂದು ನಿದರ್ಶನ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರಂಥ ಒಲಿಂಪಿಕ್ ಆಟಗಾರರನ್ನು ಕೊಟ್ಟ ಈ ಪುಟ್ಟ ಜಿಲ್ಲೆಯಲ್ಲಿ 1997ರಲ್ಲಿ ಪಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದರು. ಅಲ್ಲಿ ತಂಡವೆಂದರೆ ಒಂದು ಒಕ್ಕ, ಅಂದರೆ ಒಂದು ಮನೆತನ. ತಾತನೂ ಮೊಮ್ಮಗನೂ, ಅತ್ತಿಗೆಯೂ ಮೈದುನನೂ ಒಂದೇ ತಂಡದಲ್ಲಿ ಕೋಲು ಹಿಡಿಯಬಹುದು. ಮೊದಲ ವರ್ಷ 60 ಕುಟುಂಬಗಳು ಆಡಿದವು. ಈಗ 300ಕ್ಕೂ ಮಿಕ್ಕು ಕುಟುಂಬಗಳು ಸೇರುತ್ತವೆ. ಗೆಲ್ಲುವುದು ಒಂದೇ ಮನೆತನವಾದರೂ ಉಳಿದವರು ಮರುವರ್ಷ ಬಾರದೆ ಇರುವುದಿಲ್ಲ. ಅಜ್ಜ ಆಡುವುದನ್ನು ಕಂಡು ಬೆಳೆದ ಮಗುವಿಗೆ ಆಟವನ್ನು ಬಿಡುವುದೆಂದರೆ ಮನೆಯ ಸಂಭ್ರಮದಿಂದ ಹೊರಗುಳಿದಂತೆ.

ಈ ಮೂರು ಆಧಾರಗಳನ್ನು ಕಂಡ ಮೇಲೆ ಮಕ್ಕಳು ಆಟವನ್ನು ಬಿಡುವುದೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಪರೀಕ್ಷೆ ಹತ್ತಿರವಾಯಿತೆಂದು ಆಟದ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಕೊಡುವ ಶಾಲೆಗಳುಂಟು. ಮೈದಾನವೇ ಇಲ್ಲದ ಶಾಲೆಗಳೂ ಇವೆ. ಸೋತು ಬಂದ ಮಗನಿಗೆ ನೀರು ಕೊಡುವ ಮೊದಲು ತಪ್ಪುಗಳ ಪಟ್ಟಿ ಒಪ್ಪಿಸುವ ತಂದೆತಾಯಿಯರುಂಟು. ತಂಡದಲ್ಲಿ ಚೆನ್ನಾಗಿ ಆಡುವ ಐವರನ್ನೇ ಪ್ರತಿದಿನ ಆಡಿಸಿ, ಉಳಿದವರನ್ನು ಚೆಂಡು ಹೆಕ್ಕಿ ತರಲು ನಿಲ್ಲಿಸುವ ಪದ್ಧತಿಯೂ ಇದೆ. ಚೆಂಡು ಹೆಕ್ಕುವ ಹುಡುಗನಿಗೆ ಅಲ್ಲಿ ಇಚ್ಛೆಯೂ ಇಲ್ಲ, ಬೆಳವಣಿಗೆಯೂ ಇಲ್ಲ, ಒಡನಾಟವೂ ಇಲ್ಲ. ಅವನು ಬಿಟ್ಟುಹೋದಾಗ ಅವನಿಗೆ ಆಸಕ್ತಿಯಿರಲಿಲ್ಲ ಎನ್ನುವುದು ಎಷ್ಟು ಸರಿ?

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟದ್ದು. ಹನ್ನೆರಡು ದಾಟಿತೆಂದರೆ ಇನ್ನು ಓಡಾಟ ಸಾಕು ಎಂಬ ಮಾತು ಮನೆಯಲ್ಲಿ ಕೇಳಿಬರುತ್ತದೆ. ಸಂಜೆ ಅಣ್ಣನ ಕೈಯಲ್ಲಿ ಬ್ಯಾಟು, ತಂಗಿಯ ಕೈಯಲ್ಲಿ ಪೊರಕೆ. ಬಟ್ಟೆ ಬದಲಾಯಿಸಲು ಮರೆಯಾದ ಸ್ಥಳವಿಲ್ಲದ, ಶೌಚಾಲಯ ಸರಿಯಿಲ್ಲದ ಮೈದಾನಕ್ಕೆ ಅವಳು ಹೇಗೆ ಬರಬೇಕು? ಕತ್ತಲಾದ ಮೇಲೆ ಮನೆ ಸೇರುವ ದಾರಿಯೂ ಅವಳಿಗೆ ಚಿಂತೆಯೇ. ಇವು ಅವಳ ಮನಸ್ಸಿನ ಕೊರತೆಗಳಲ್ಲ. ಹಿರಿಯರು ತುಂಬಿಕೊಡಬೇಕಾದ ಕೊರತೆಗಳು. ಹುಡುಗಿಯರು ಆಟದಲ್ಲಿ ಉಳಿಯುವುದಿಲ್ಲ ಎಂದು ದೂರುವ ಮೊದಲು, ಉಳಿಯಲು ಅವರಿಗೆ ಎಡೆ ಕೊಟ್ಟಿದ್ದೇವೆಯೇ ಎಂದು ಸಮಾಜವು ತನ್ನನ್ನು ತಾನೇ ಕೇಳಿಕೊಳ್ಳಬೇಕು.

ಓದಿಗೆ ಆಟ ಅಡ್ಡಿ ಎಂಬ ಭಯವೂ ವಿಚಾರಕ್ಕೆ ಅರ್ಹ. ದಿನವಿಡೀ ಆಡಿದರೆ ಓದು ಕೆಡುವುದು ನಿಜ. ಆದರೆ ಒಂದು ಗಂಟೆಯ ಆಟದಿಂದ ಕೆಡುವ ಓದು ಆಟವನ್ನು ನಿಲ್ಲಿಸಿದ ಮಾತ್ರಕ್ಕೆ ಸುಧಾರಿಸುವುದಿಲ್ಲ. ಆಟದಿಂದ ಉಳಿಸಿದ ಆ ಗಂಟೆ ಬಹುಮಟ್ಟಿಗೆ ಪುಸ್ತಕಕ್ಕೆ ಸಲ್ಲದೆ ಕೈಯಲ್ಲಿನ ಮೊಬೈಲಿಗೆ ಸಲ್ಲುತ್ತದೆ. ಹೊತ್ತಿಗೆ ಸರಿಯಾಗಿ ಏಳುವುದು, ಇಂದಿನ ಅಭ್ಯಾಸವನ್ನು ನಾಳೆಗೆ ತಳ್ಳದಿರುವುದು, ತಪ್ಪಿದ್ದನ್ನು ಮತ್ತೆ ಮತ್ತೆ ಮಾಡಿ ತಿದ್ದಿಕೊಳ್ಳುವುದು ಇವೆಲ್ಲ ಆಟಗಾರನ ಗುಣಗಳು. ವಿದ್ಯಾರ್ಥಿಗೆ ಬೇಕಾದ ಗುಣಗಳೂ ಇವೇ ಅಲ್ಲವೇ?

ಆಟದಲ್ಲಿ ಉಳಿಯುವುದೆಂದರೆ ಹಟಕ್ಕೆ ಬಿದ್ದು ಒಂದೇ ಆಟಕ್ಕೆ ಅಂಟಿಕೊಳ್ಳುವುದೆಂದು ತಿಳಿಯಬಾರದು. ಖೋ ಖೋ ಒಗ್ಗದವನಿಗೆ ವಾಲಿಬಾಲ್ ಒಗ್ಗಬಹುದು. ವೇಗದ ಓಟದಲ್ಲಿ ಹಿಂದುಳಿದವಳು ದೂರದ ಓಟದಲ್ಲಿ ಮುಂದಾಗಬಹುದು. ಎಳೆಯ ವಯಸ್ಸಿನಲ್ಲಿ ನಾಲ್ಕಾರು ಆಟಗಳನ್ನು ಆಡಿನೋಡಿ ಒಂದನ್ನು ಆರಿಸಿಕೊಳ್ಳುವುದು ಒಳ್ಳೆಯದೆಂದು ತಜ್ಞರೂ ಹೇಳುತ್ತಾರೆ. ಮೈಗೆ ಪೆಟ್ಟಾದಾಗ ವಿಶ್ರಾಂತಿ ಪಡೆಯುವುದೂ ಸೋಲಲ್ಲ. ನೀರಜ್ ಚೋಪ್ರಾ ಅವರು 2019ರಲ್ಲಿ ಮೊಣಕೈಗೆ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಟ್ಟಲೆ ಮೈದಾನದಿಂದ ದೂರವಿದ್ದು, ಆಮೇಲೆಯೇ ಒಲಿಂಪಿಕ್ಸಿಗೆ ಸಿದ್ಧರಾದರು. ಆಟದಿಂದ ಆಟಕ್ಕೆ ಹೊರಳುವುದು, ಬಿಡುವು ಪಡೆಯುವುದು, ಮತ್ತೆ ಬರುವುದು ಇವೆಲ್ಲವೂ ಉಳಿಯುವುದರ ಬಗೆಗಳೇ.

ಇಂದು ಶಾಲೆಯ ಮೈದಾನದಲ್ಲಿ ಆಡುವವರಲ್ಲಿ ರಾಷ್ಟ್ರದ ತಂಡವನ್ನು ಸೇರುವವರು ಎಲ್ಲೋ ಒಬ್ಬಿಬ್ಬರು. ಹಾಗೆಂದರೆ ಉಳಿದವರ ಆಟ ವ್ಯರ್ಥವೇ? ಪದಕದ ಕಣ್ಣಿನಿಂದ ನೋಡುವವರಿಗೆ ವ್ಯರ್ಥ. ಬಾಳಿನ ಕಣ್ಣಿನಿಂದ ನೋಡುವವರಿಗೆ ಹಾಗಲ್ಲ. ಗಟ್ಟಿಯಾದ ಮೈ, ಸೋತರೂ ಕುಗ್ಗದ ಮನಸ್ಸು, ಎದುರಾಳಿಯ ಕೈಕುಲುಕುವ ಸೌಜನ್ಯ, ಕಷ್ಟಕಾಲದಲ್ಲಿ ನೆನಪಾಗುವ ಗೆಳೆಯರು ಇವು ಪ್ರಶಸ್ತಿಪತ್ರವಿಲ್ಲದೆಯೇ ದೊರೆಯುವ ಸಂಪತ್ತು. ಈ ಸಂಪತ್ತು ಎಲ್ಲ ಮಕ್ಕಳ ಹಕ್ಕು. ಗೆಲ್ಲುವ ಕೆಲವರ ಮೀಸಲಲ್ಲ.

ಆದ್ದರಿಂದ ಎಳೆಯರನ್ನು ಆಟದಲ್ಲಿ ಉಳಿಸಬೇಕೆನ್ನುವವರು ಬಹುಮಾನದ ಮೊತ್ತವನ್ನು ಎಣಿಸುವುದಕ್ಕಿಂತ ಮೊದಲು ಮೂರು ಕೆಲಸಗಳನ್ನು ಮಾಡಲಿ. ಆಡಲು ಸ್ಥಳವನ್ನೂ ವೇಳೆಯನ್ನೂ ಕೊಡಲಿ. ಮಕ್ಕಳ ಆಯ್ಕೆಯನ್ನು ಮನ್ನಿಸಲಿ. ಗೆದ್ದಾಗ ಮಾತ್ರವಲ್ಲದೆ, ಬೆಳೆದಾಗಲೂ ಬೆನ್ನು ತಟ್ಟಲಿ. ಇಷ್ಟಾದರೆ ಪದಕಗಳೂ ಬರುತ್ತವೆ. ಬಾರದಿದ್ದರೂ ಆರೋಗ್ಯವಂತರಾದ, ಧೈರ್ಯವಂತರಾದ ಪ್ರಜೆಗಳು ನಾಡಿಗೆ ದೊರೆಯುತ್ತಾರೆ. ಎಳೆಯರಾದರೋ ಒಂದು ಮಾತನ್ನು ನೆನಪಿಡಬೇಕು. ಆಟ ತನಗೆ ಸಾಕೋ ಬೇಕೋ ಎಂಬುದನ್ನು ಒಂದು ದಿನದ ಸೋಲು ತೀರ್ಮಾನಿಸಬಾರದು, ನೆರೆಯವರ ಮಾತೂ ತೀರ್ಮಾನಿಸಬಾರದು. ಆ ತೀರ್ಮಾನ ಆಡುವವರದೇ.